ಕೋವಿಗೂ ಒಂದು ಋತು ಇತ್ತು: ಕೊಡಗಿನ ಬೇಟೆ, ಕಬ್ಬನ್ ಆದೇಶ ಮತ್ತು ಗದ್ದೆಗೆ ಬರೋ ಹಂದಿ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ತಣಿಸಂದ್ರ ಮೇನ್ ರೋಡಿನ ಟ್ರಾಫಿಕ್‌ನಲ್ಲಿ ನಿಂತು ಕೇಳ್ತಿರೋರಿಗೆ, ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸಿನ ಕಿಟಕಿ ಪಕ್ಕ ಕೂತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಕೋವಿ ವಿಷಯ. ಮೊಬೈಲ್ ಗೇಮ್‌ನ ಕೋವಿ ಅಲ್ಲ. ಬಾಯಿಂದ ಮದ್ದು ತುಂಬಿ, ಗಜದಲ್ಲಿ ಜಡಿದು, ಒಂದು ಸಲ ಹೊಡೆದರೆ ಮತ್ತೆ ಮೊದಲಿಂದ ಶುರು ಮಾಡಬೇಕಾದ ಹಳೇ ಕೋವಿ.

ಇಲ್ಲೇ ಪಕ್ಕದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡೋರಿಗೆ ಇದು ಅನುಭವಕ್ಕೆ ಬಂದಿರುತ್ತೆ. ಸೆಪ್ಟೆಂಬರ್ ಮೊದಲ ವಾರ ಬಂದ್ರೆ ಟೀಮ್‌ನಲ್ಲಿರೋ ಕೊಡಗಿನ ಹುಡುಗನೋ ಹುಡುಗಿಯೋ ರಜೆ ಹಾಕಿ ಊರಿಗೆ ಹೊರಟುಬಿಡ್ತಾರೆ. ವಾಪಸ್ ಬಂದ ಮೇಲೆ ಫೋಟೋ ತೋರಿಸ್ತಾರೆ: ಕೋವಿಗಳನ್ನ ಸಾಲಾಗಿ ಇಟ್ಟಿದ್ದಾರೆ, ನಳಿಗೆ ಬಾಯಲ್ಲಿ ಕೆಂಪು-ಹಳದಿ ಹೂವು ಸಿಕ್ಕಿಸಿದ್ದಾರೆ, ಮುಂದೆ ದೀಪ ಇದೆ. ಅದು ಕೈಲ್ ಪೊಳ್ದ್. ಕೈಲ್ ಅಂದ್ರೆ ಆಯುಧ, ಪೊಳ್ದ್ ಅಂದ್ರೆ ಹಬ್ಬ. ಈಗ ಹೆಚ್ಚಿನ ಕಡೆ ಸೆಪ್ಟೆಂಬರ್ 3ರಂದು ಆಚರಿಸ್ತಾರೆ. ಆಯುಧ ಪೂಜೆ ನಮಗೂ ಇದೆಯಲ್ಲ, ನವರಾತ್ರಿಯಲ್ಲಿ ಮಾಡ್ತೀವಲ್ಲ ಅಂತ ನೀವು ಕೇಳಬಹುದು. ಇವರದ್ದು ಅದಕ್ಕಿಂತ ಮೊದಲೇ ಯಾಕೆ ಬರುತ್ತೆ? ಉತ್ತರ ಭತ್ತದ ಗದ್ದೆಯಲ್ಲಿದೆ. ಅಲ್ಲಿಗೆ ಹೋಗೋ ಮೊದಲು ಕೋವಿಯನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಕೋವಿ ಅನ್ನೋದು ನಮ್ಮದೇ ಪದ. ಮೂಲದಲ್ಲಿ ಕೊಳವೆ ಅಂತ ಅರ್ಥ. ಹಳೇ ಕನ್ನಡ ಪುಸ್ತಕಗಳಲ್ಲಿ ತುಪಾಕಿ ಅಂತ ಇನ್ನೊಂದು ಪದ ಸಿಗುತ್ತೆ, ಅದು ತುರ್ಕಿ ಮೂಲದ್ದು. ಕೊಡವ ತಕ್ಕ್‌ನಲ್ಲಿ ಕೋವಿಗೆ ತೋಕ್ ಅಂತಾರೆ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಹೋದ್ರೆ ಎರಡು ಬಗೆಯ ಹೆಸರು ಕೇಳಿಸುತ್ತೆ. ಒಂದು ತೋಟಾ ಕೋವಿ, ಇನ್ನೊಂದು ಕೇಪಿನ ಕೋವಿ. ತೋಟಾ ಅಂದ್ರೆ ಕಾರ್ಟ್ರಿಜ್. ಮದ್ದು, ಗುಂಡು ಎಲ್ಲ ಸೇರಿಸಿ ಕಾರ್ಖಾನೆಯಿಂದಲೇ ರೆಡಿ ಬಂದಿರೋದು, ಹಿಂದಿನಿಂದ ಹಾಕಿದ್ರೆ ಆಯ್ತು. ಕೇಪಿನ ಕೋವಿಗೆ ಎಲ್ಲವನ್ನೂ ಮುಂದಿನಿಂದ, ನಳಿಗೆಯ ಬಾಯಿಂದಲೇ ತುಂಬಬೇಕು. ಪೊಲೀಸ್ ಸ್ಟೇಷನ್ ದಾಖಲೆಗಳಲ್ಲಿ ಇದಕ್ಕೆ ಎಸ್‌ಬಿಎಂಎಲ್ ಅಂತ ಬರೀತಾರೆ, ಅಂದ್ರೆ ಬಾಯಿಂದ ತುಂಬುವ ಒಂಟಿ ನಳಿಗೆ ಕೋವಿ.

ತುಂಬೋದು ಹೀಗೆ. ಮೊದಲು ಅಳತೆ ಮಾಡಿದ ಮದ್ದು ನಳಿಗೆಗೆ ಸುರೀಬೇಕು. ಮದ್ದು ಅಂದ್ರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿದ ಕಪ್ಪು ಪುಡಿ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪೇ. ಅದರ ಮೇಲೆ ತೆಂಗಿನ ನಾರೋ ಬಟ್ಟೆ ಚೂರೋ ಹಾಕಿ, ಗಜ ಅನ್ನೋ ಉದ್ದನೆ ಸರಳಿನಿಂದ ಜಡೀಬೇಕು. ಆಮೇಲೆ ಹಕ್ಕಿಗಾದ್ರೆ ಚರೆ, ಹಂದಿಗಾದ್ರೆ ಗುಂಡು. ಅದು ಜಾರಿ ಬೀಳದ ಹಾಗೆ ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಭಾಗದಲ್ಲಿರೋ ಸಣ್ಣ ಮೊಲೆಯಂಥ ತೂತಿನ ಮೇಲೆ ತಾಮ್ರದ ಪುಟಾಣಿ ಟೋಪಿ ಕೂರಿಸಬೇಕು. ಅದೇ ಕೇಪು. ಕುದುರೆ ಎಳೆದು ನಿಲ್ಲಿಸಿ, ಗುರಿ ಹಿಡಿದು, ಬಿಲ್ಲೆಳೆದ್ರೆ ಕುದುರೆ ಬಂದು ಕೇಪಿನ ಮೇಲೆ ಬಡಿಯುತ್ತೆ. ಕಿಡಿ ಒಳಗೆ ಹೋಗಿ ಮದ್ದು ಹೊತ್ತಿಕೊಂಡು ಢಂ ಅನ್ನುತ್ತೆ. ಆಮೇಲೆ ಮುಂದೆ ಏನಾಯ್ತು ಅಂತ ನೋಡೋಕೆ ಆಗಲ್ಲ, ಯಾಕಂದ್ರೆ ಎದುರಿಗೆ ಬಿಳಿ ಹೊಗೆಯ ಗೋಡೆ.

ಈ ಕೇಪಿನ ಹಿಂದೆ ಇರೋನು ಒಬ್ಬ ಪಾದ್ರಿ ಅಂದ್ರೆ ನಂಬ್ತೀರಾ? ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಅವನಿಗೆ ಹಕ್ಕಿ ಬೇಟೆ ಹುಚ್ಚು. ಆಗಿನ ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗೆ ಕಿಡಿ ಹಾರಿ, ಆಮೇಲೆ ಒಳಗಿನ ಮದ್ದು ಹೊತ್ತಿಕೊಳ್ತಿತ್ತು. ಆ ಒಂದು ಕ್ಷಣದಲ್ಲಿ ಬೆಳಕು ಕಂಡ ಬಾತುಗಳು ಹಾರಿಹೋಗ್ತಿದ್ದವು. ಬೇಜಾರಾಗಿ ಅವನು ಬಡಿದ್ರೆ ಸಿಡಿಯೋ ರಾಸಾಯನಿಕ ಬಳಸೋ ವಿಧಾನ ಹುಡುಕಿ 1807ರಲ್ಲಿ ಪೇಟೆಂಟ್ ತಗೊಂಡ. ತಾಮ್ರದ ಕೇಪು ಬಂದಿದ್ದು ಅದಾದ ಮೇಲೆ, ಅದೇ ತತ್ವದ ಮೇಲೆ. ಜಗತ್ತಿನ ಸೈನ್ಯಗಳೆಲ್ಲ ಅದನ್ನ ಹಿಡ್ಕೊಂಡವು, ಕೆಲವೇ ದಶಕಗಳಲ್ಲಿ ತೋಟಾ ಬಂದ ಮೇಲೆ ಬಿಸಾಕಿದವು. ಮಲೆನಾಡು ಮಾತ್ರ ಬಿಡಲಿಲ್ಲ. ಕಡಿಮೆ ಖರ್ಚು, ಊರಿನ ಕಮ್ಮಾರನೇ ರಿಪೇರಿ ಮಾಡ್ತಾನೆ, ಇನ್ನೇನು ಬೇಕು!

ಆದ್ರೆ ಈ ಕೋವಿಗೆ ಒಬ್ಬ ದೊಡ್ಡ ಶತ್ರು ಇದ್ದಾನೆ: ಮಳೆ. ಕಪ್ಪು ಮದ್ದು ತೇವ ಆದ್ರೆ ಉರಿಯಲ್ಲ. ಕೊಡಗಿನ ಆಷಾಢದ ಮಳೆ ಹೇಗಿರುತ್ತೆ ಅಂತ ಗೊತ್ತಲ್ಲ, ಒಗೆದ ಬಟ್ಟೆ ವಾರವಾದ್ರೂ ಒಣಗಲ್ಲ. ಅಂಥದ್ರಲ್ಲಿ ಕೋವಿ ಹೆಗಲಿಗೇರಿಸಿ ಹೋದ್ರೆ ಅದು ಬರೀ ಕೋಲು.

ಕೊಡಗಿನ ಕ್ಯಾಲೆಂಡರ್‌ನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳಿಗೆ ಕಕ್ಕಡ ಅಂತ ಹೆಸರು. ಮಳೆ ಜೋರಿರೋ ಕಾಲ, ನಾಟಿ ಕಾಲ. ಮನೆಮಂದಿಯೆಲ್ಲ ಗದ್ದೆಯಲ್ಲಿ. ಈ ತಿಂಗಳಲ್ಲೇ ಮದ್ದು ಸೊಪ್ಪಿನ ಪಾಯಸ ಮಾಡೋದು, ಬಣ್ಣ ನೇರಳೆ. ನಮ್ಮ ಭಾಷೆ ನೋಡಿ, ಕಾಯಿಲೆ ವಾಸಿ ಮಾಡೋದೂ ಮದ್ದು, ಕೋವಿಗೆ ಹಾಕೋದೂ ಮದ್ದು. ಇರಲಿ. ಗದ್ದೆ ಕೆಲಸದ ಈ ಕಾಲದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಐನ್‌ಮನೆಯ ದೇವರ ಕೋಣೆ ಸೇರ್ತಿದ್ದವು. ಆ ಕೋಣೆಗೆ ಕನ್ನಿ ಕೋಂಬರೆ ಅಂತಾರೆ. ಬೇಟೆ ಬಂದ್.

ನಾಟಿ ಮುಗಿದು, ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಕೈಲ್ ಪೊಳ್ದ್. ಒಳಗಿಟ್ಟ ಕೋವಿಗಳನ್ನ ಹೊರಗೆ ತಂದು, ಒರೆಸಿ, ಎಣ್ಣೆ ಹಚ್ಚಿ ಸಾಲಾಗಿ ಇಡ್ತಾರೆ. ಫೋಟೋದಲ್ಲಿ ನೋಡಿದ ಆ ಹೂವು ಅಗ್ನಿಶಿಖೆ, ಬೆಂಕಿಯ ನಾಲಿಗೆ ಥರ ಮೇಲಕ್ಕೆ ಬಾಗಿದ ಎಸಳುಗಳು. ಕೊಡವರು ಅದಕ್ಕೆ ಇಟ್ಟ ಹೆಸರೇ ತೋಕ್ ಪೂ, ಕೋವಿ ಹೂವು. ಅದು ಅರಳೋದು ಇದೇ ಕಾಲಕ್ಕೆ. ಎಡೆಗೆ ಕಡಂಬುಟ್ಟು, ಪಂದಿಕರಿ. ಪೂಜೆ ಆದ ಮೇಲೆ ಹಿರಿಯರು ಕಿರಿಯರ ಕೈಗೆ ಕೋವಿ ಕೊಡ್ತಾರೆ. ಊಟ ಮುಗಿಸಿ ಊರ ಮಂದಿಯೆಲ್ಲ ಮಂದ್‌ನಲ್ಲಿ ಸೇರಿ, ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಸ್ಪರ್ಧೆ. ಈಗ ಹೆಣ್ಣುಮಕ್ಕಳೂ ಕೋವಿ ಹಿಡಿದು ನಿಲ್ತಾರೆ, ಹೊಡೀತಾರೆ.

ಹಿಂದೆ ಈ ದಿನ ಬರೀ ಹಬ್ಬ ಆಗಿರಲಿಲ್ಲ, ಬೇಟೆಯ ಋತು ಶುರುವಾಗೋ ದಿನ ಆಗಿತ್ತು. ಇಲ್ಲಿಂದ ಹೊಸ ಭತ್ತದ ಹಬ್ಬ ಪುತ್ತರಿವರೆಗೆ, ಅಂದ್ರೆ ನವೆಂಬರ್-ಡಿಸೆಂಬರ್‌ವರೆಗೆ ಗದ್ದೆಯಲ್ಲಿ ಏನಾಗ್ತಿರುತ್ತೆ ಯೋಚಿಸಿ. ಪೈರು ಬೆಳೀತಾ, ಹಾಲು ತುಂಬ್ತಾ, ತೆನೆ ಬಾಗ್ತಾ ಇರುತ್ತೆ. ಅದು ನಮಗೆ ಗೊತ್ತಾಗೋ ಮೊದಲೇ ಕಾಡುಹಂದಿಗೆ ಗೊತ್ತಾಗಿರುತ್ತೆ. ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದ್ರೆ ತಿಂದಿದ್ದಕ್ಕಿಂತ ಉತ್ತು ಹಾಳು ಮಾಡಿದ್ದೇ ಜಾಸ್ತಿ. ಹಾಗಾಗಿ ನನ್ನ ಓದು ಇದು: ಕೊಡಗಿನ ಬೇಟೆ ಋತುವನ್ನ ತೀರ್ಮಾನ ಮಾಡಿದ್ದು ರಾಜನೂ ಅಲ್ಲ, ಶೌರ್ಯವೂ ಅಲ್ಲ, ಭತ್ತ. ನಾಟಿ ಮುಗಿಯೋವರೆಗೆ ಕೈಗಳು ಗದ್ದೆಗೆ ಬೇಕು, ಕೋವಿ ಒಳಗೆ. ನಾಟಿ ಆದ ಮೇಲೆ ಗದ್ದೆಗೆ ಕಾವಲು ಬೇಕು, ಕೋವಿ ಹೊರಗೆ. ಪುತ್ತರಿಯ ರಾತ್ರಿ ಮೊದಲ ತೆನೆ ಕೊಯ್ಯುವಾಗ ಆಕಾಶಕ್ಕೆ ಒಂದು ಗುಂಡು. ಹಸಿರಿಂದ ತೆನೆವರೆಗೆ, ಎರಡೂ ತುದಿಯಲ್ಲಿ ಕೋವಿಯ ಸದ್ದು.

ಬದುಕಿನ ಎರಡೂ ತುದಿಯಲ್ಲೂ ಇದೇ ಸದ್ದು ಇತ್ತು. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಮನೆಯಲ್ಲಿ ಸಾವಾದ್ರೆ ಎರಡು. ಗುಡ್ಡದಾಚೆಯ ಮನೆಗೆ ಸುದ್ದಿ ಮುಟ್ಟಿಸೋಕೆ ಫೋನ್ ಇಲ್ಲದ ಕಾಲ. ಹೆಣ್ಣು ಮಗುವಿಗೆ ಗುಂಡು ಯಾಕಿಲ್ಲ ಅಂತ ಕೇಳಿದ್ರೆ, ನ್ಯಾಯವಾದ ಪ್ರಶ್ನೆಯೇ.

ಈಗ ಬೇಟೆಗೆ ಹೋಗೋಣ. ಒಂದೇ ಈಡು ಇರೋ ಕೋವಿ ಅಂದೆನಲ್ಲ, ಆ ಒಂದೇ ಈಡು ಬೇಟೆಯ ರೀತಿಯನ್ನೇ ನಿರ್ಧಾರ ಮಾಡ್ತಿತ್ತು. ಗುರಿ ತಪ್ಪಿದ್ರೆ, ಅಥವಾ ಗಾಯ ಮಾತ್ರ ಆದ್ರೆ, ಕೋರೆ ಹಂದಿ ತಿರುಗಿ ಬರುತ್ತೆ. ಮತ್ತೆ ಮದ್ದು ಸುರಿದು, ನಾರು ಜಡಿದು, ಕೇಪು ಕೂರಿಸೋ ಅಷ್ಟರಲ್ಲಿ ಅದು ನಿಮ್ಮ ತೊಡೆ ಸೀಳಿರುತ್ತೆ. ಅದಕ್ಕೇ ಈ ಕೋವಿಯ ಬೇಟೆ ಗುಂಪಿನ ಕೆಲಸ. ಒಂದಷ್ಟು ಜನ ನಾಯಿಗಳ ಜೊತೆ ಕೂಗ್ತಾ, ಪೊದೆ ಬಡೀತಾ ಕಾಡಿನ ಒಂದು ಕಡೆಯಿಂದ ಸೋವಿಕೊಂಡು ಬರ್ತಾರೆ. ಇನ್ನೊಂದು ಕಡೆ, ಹಂದಿ ದಾಟೋ ದಾರಿಗಳಲ್ಲಿ, ಕೋವಿ ಹಿಡಿದವರು ಉಸಿರು ಬಿಗಿಹಿಡಿದು ಕೂತಿರ್ತಾರೆ. ಮಲೆನಾಡಿನಲ್ಲಿ ಇದು ಸೋವಿನ ಬೇಟೆ. ರಾತ್ರಿ ಮರದ ಮೇಲೆ ಒಬ್ಬನೇ ಕಾದು ಕೂರೋದು ಮರಸು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಈ ಕಾಡು, ಈ ಕೋವಿ, ಈ ನಾಯಿಗಳು ಹೊಸದಲ್ಲ.

ಗುಂಪಿನ ಕೆಲಸ ಅಂದ ಮೇಲೆ ಪಾಲಿನ ಲೆಕ್ಕ ಇರಲೇಬೇಕು. ಹೊಡೆದವನಿಗೆ ವಿಶೇಷ ಪಾಲು, ಸೋವಿದವರಿಗೆ ಪಾಲು, ನಾಯಿಗೂ ಪಾಲು. ಕೂಲಿ ಆಳೂ ಸಾಹುಕಾರನೂ ಒಂದೇ ಬೇಟೆಯಲ್ಲಿ ಇರ್ತಿದ್ದರು ನಿಜ. ಹಾಗಂತ ಕಾಡಿನಲ್ಲಿ ಎಲ್ಲರೂ ಸಮಾನರಾಗಿದ್ದರು ಅಂತ ರೊಮ್ಯಾಂಟಿಕ್ ಆಗಿ ಹೇಳೋಕೆ ನಾನು ತಯಾರಿಲ್ಲ. ಪೊದೆಗೆ ನುಗ್ಗಿ ಹಂದಿ ಎಬ್ಬಿಸೋನು ಯಾರು, ಕೋವಿ ಹಿಡಿದು ಕೂರೋನು ಯಾರು ಅನ್ನೋದು ಜಾತಿ, ಜಮೀನು ನೋಡಿಕೊಂಡೇ ತೀರ್ಮಾನ ಆಗ್ತಿತ್ತು.

ಕೊಡಗಿನಲ್ಲಿ ಹುಲಿ ಹೊಡೆದವನಿಗೆ ಇನ್ನೊಂದು ಗೌರವ ಇತ್ತು, ನರಿ ಮಂಗಲ. ನಗಬೇಡಿ, ಕೊಡವ ತಕ್ಕ್‌ನಲ್ಲಿ ನರಿ ಅಂದ್ರೆ ಹುಲಿ. ಸತ್ತ ಹುಲಿಯ ಪಕ್ಕ ಅವನನ್ನ ಮದುವೆ ಗಂಡಿನಂತೆ ಕೂರಿಸಿ, ಊರವರೆಲ್ಲ ಅಕ್ಕಿ ಹಾಕಿ ಹರಸ್ತಿದ್ದರು. ಕೊಂದ ಪ್ರಾಣಿಯ ಜೊತೆ ಮದುವೆ! ಇದನ್ನ ಬರೀ ಜಂಬ ಅಂತ ಓದೋಕೆ ನನಗೆ ಮನಸ್ಸಾಗಲ್ಲ, ಅದರಲ್ಲಿ ಸತ್ತ ಹುಲಿಯ ಬಗ್ಗೆ ಒಂದು ಭಯಭಕ್ತಿಯೂ ಇದೆ.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೂ ಒಂದು ಬೇಟೆ ಸೀಸನ್ ಇತ್ತು. ತಣಿಸಂದ್ರ, ಸಿಂಗಸಂದ್ರ ಥರದ ಹೆಸರುಗಳ ಕೊನೆಯ 'ಸಂದ್ರ' ಸಮುದ್ರದಿಂದ ಬಂದಿದ್ದು, ಅಂದ್ರೆ ದೊಡ್ಡ ಕೆರೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಾತುಗಳು ಬರ್ತಿದ್ದವು, ಅವುಗಳ ಹಿಂದೆ ಕಂಟೋನ್ಮೆಂಟಿನ ಬ್ರಿಟಿಷ್ ಅಧಿಕಾರಿಗಳು ಕೋವಿ ಹಿಡಿದು ಸುತ್ತಲಿನ ಕೆರೆಗಳಿಗೆ ಬರ್ತಿದ್ದರು. ಅವರಿಗೆ ಅದು ಆಟ, ರಜೆಯ ಮೋಜು. ಆ ಋತು ಹಕ್ಕಿಯ ಹಾರಾಟ ನೋಡಿ ಬಂದಿದ್ದು, ಗದ್ದೆ ನೋಡಿ ಅಲ್ಲ. ಈಗ ಜಕ್ಕೂರು, ರಾಚೇನಹಳ್ಳಿ ಕೆರೆಗಳ ದಡದಲ್ಲಿ ನಿಲ್ಲೋರ ಕೈಯಲ್ಲಿ ಇರೋದು ಕ್ಯಾಮೆರಾ.

ಕಂಟೋನ್ಮೆಂಟಿನ ಮಾತು ಬಂದಾಗ ಈ ಕಥೆಯ ಮುಖ್ಯ ಪಾತ್ರಧಾರಿಯೂ ಬರಬೇಕು: ಮಾರ್ಕ್ ಕಬ್ಬನ್. ಹೌದು, ಕಬ್ಬನ್ ಪಾರ್ಕಿನ ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್, ಕೊಡಗೂ ಅವನ ಕೈಕೆಳಗೇ. 1857ರ ದಂಗೆ ಆದ ಮೇಲೆ ಬ್ರಿಟಿಷರಿಗೆ ಭಾರತೀಯರ ಕೈಯಲ್ಲಿ ಕೋವಿ ಕಂಡ್ರೆ ಭಯ. ಜನರಿಂದ ಆಯುಧ ಕಿತ್ಕೊಳ್ಳೋ ಕಾಯ್ದೆ ತಂದರು. ಆದ್ರೆ 1861ರ ಫೆಬ್ರವರಿ 26ರಂದು ಕಬ್ಬನ್ ಒಂದು ಪ್ರಕಟಣೆ ಹೊರಡಿಸಿ, ಆ ಕಾಯ್ದೆ ಕೊಡಗಿನವರಿಗೆ ಅನ್ವಯಿಸಲ್ಲ ಅಂದ. ಕಾರಣವನ್ನೂ ಅಲ್ಲೇ ಕೊಟ್ಟ: ಅವರ ನಿಷ್ಠೆ, ಅವರ ಧೈರ್ಯ, ಬ್ರಿಟಿಷ್ ಸರ್ಕಾರಕ್ಕೆ ಅವರು ಮಾಡಿದ ಸೇವೆ. ಅದಾಗಿ ಎರಡು ತಿಂಗಳಿಗೆ, ಊರಿಗೆ ವಾಪಸ್ ಹೋಗ್ತಾ, ಸೂಯೆಜ್‌ನಲ್ಲಿ ತೀರಿಕೊಂಡ.

'ಸೇವೆ' ಅನ್ನೋ ಆ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗು ಹಿಡಿದರು. ಮೂರೇ ವರ್ಷಕ್ಕೆ, 1837ರಲ್ಲಿ, ಕಲ್ಯಾಣಸ್ವಾಮಿಯ ಹೆಸರಲ್ಲಿ ಕೊಡಗು, ಸುಳ್ಯ, ಪುತ್ತೂರು ಕಡೆ ರೈತರು ದಂಗೆ ಎದ್ದು ಮಂಗಳೂರಿನವರೆಗೆ ನುಗ್ಗಿದರು. ಅಮರ ಸುಳ್ಯದ ದಂಗೆ ಅಂತ ಹೆಸರು. ಅದನ್ನ ಅಡಗಿಸೋಕೆ ಬ್ರಿಟಿಷರ ಪರ ನಿಂತ ಕೊಡಗಿನವರಿಗೆ ಪದಕ ಕೊಟ್ಟರು, ಅದರ ಹೆಸರೇ ಕೂರ್ಗ್ ಮೆಡಲ್. ದಂಗೆಯ ನಾಯಕರಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಒಂದೇ ಮಣ್ಣು, ಒಬ್ಬರಿಗೆ ಪದಕ, ಇನ್ನೊಬ್ಬರಿಗೆ ಹಗ್ಗ. ಕೋವಿ ವಿನಾಯಿತಿಯನ್ನ 'ನಮ್ಮ ಶೌರ್ಯಕ್ಕೆ ಸಿಕ್ಕ ಮರ್ಯಾದೆ' ಅಂತ ಮಾತ್ರ ಹೇಳಿದ್ರೆ ಈ ಅರ್ಧ ಕಥೆ ಬಿಟ್ಟುಹೋಗುತ್ತೆ. ಹಾಗೇ 'ಬ್ರಿಟಿಷರ ಭಿಕ್ಷೆ' ಅಂತ ಮಾತ್ರ ಅಂದ್ರೆ, ಕಬ್ಬನ್‌ಗಿಂತ ಹಿಂದಿನಿಂದ ಇದ್ದ ಪೂಜೆ, ಗದ್ದೆ, ಹಂದಿ ಎಲ್ಲ ಬಿಟ್ಟುಹೋಗುತ್ತೆ.

ಇಲ್ಲಿಂದ ಮುಂದೆ ಎರಡು ಬೇರೆ ಬೇರೆ ಕಾನೂನಿನ ದಾರಿ. ಒಂದು ಕೋವಿಯದ್ದು, ಇನ್ನೊಂದು ಬೇಟೆಯದ್ದು.

ಕೋವಿಯ ದಾರಿ: ಕಬ್ಬನ್ ಕೊಟ್ಟ ವಿನಾಯಿತಿ ಬ್ರಿಟಿಷ್ ಕಾಲ ದಾಟಿತು. 1956ರಲ್ಲಿ ಕೊಡಗು ರಾಜ್ಯ ಮೈಸೂರಿನೊಳಗೆ ಸೇರಿದ ಮೇಲೂ ಉಳೀತು. 1959ರ ಆಯುಧ ಕಾಯ್ದೆಯಡಿ 1963ರಲ್ಲಿ ಕೇಂದ್ರ ಸರ್ಕಾರ ಅದನ್ನ ಮತ್ತೆ ಅಧಿಸೂಚನೆ ಮೂಲಕ ಕೊಟ್ಟಿತು: ಕೊಡವ ಜನಾಂಗದವರಿಗೆ, ಮತ್ತು ಜಮ್ಮಾ ಹಿಡುವಳಿದಾರರಿಗೆ. ಜಮ್ಮಾ ಅಂದ್ರೆ ತಲೆಮಾರಿನಿಂದ ಬಂದ ಜಮೀನು. ರಾಜರ ಕಾಲದಲ್ಲಿ ಕಡಿಮೆ ಕಂದಾಯ, ಬದಲಿಗೆ ಕರೆದಾಗ ಯುದ್ಧಕ್ಕೆ ಬರಬೇಕು. ಕೊಡವರಲ್ಲದ ಸಮುದಾಯದವರಲ್ಲೂ ಜಮ್ಮಾ ಹಿಡುವಳಿದಾರರಿದ್ದಾರೆ. 2018ರಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ ಕರ್ನಾಟಕ ಹೈಕೋರ್ಟಿಗೆ ಹೋಗಿ, ಜನಾಂಗ ಮತ್ತು ಜಮೀನು ನೋಡಿ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಂತ ಕೇಳಿದರು. ಕೇಸ್ ನಡೀತಿರೋವಾಗಲೇ, 2019ರಲ್ಲಿ, ಕೇಂದ್ರ ವಿನಾಯಿತಿಯನ್ನ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಒಂದು ತಮಾಷೆ ಏನಂದ್ರೆ, ಅದೇ ಹೈಕೋರ್ಟ್ ಆವರಣದಲ್ಲಿ ಕಬ್ಬನ್ ಪ್ರತಿಮೆ ಇತ್ತು. 2020ರಲ್ಲಿ ಅದನ್ನ ಪಾರ್ಕಿನೊಳಗೆ ಸ್ಥಳಾಂತರ ಮಾಡಿದರು. ಮರುವರ್ಷ ಅವನು ಶುರು ಮಾಡಿದ ವಿನಾಯಿತಿ ಒಳಗೆ ಗೆದ್ದಿತು.

ಬೇಟೆಯ ದಾರಿ ಇದಕ್ಕೆ ತದ್ವಿರುದ್ಧ. 1912ರ ಬ್ರಿಟಿಷ್ ಭಾರತದ ಕಾಯ್ದೆ ಕೆಲವು ಪ್ರಾಣಿಪಕ್ಷಿಗಳನ್ನ ಹೊಡೆಯಬಾರದ ಕಾಲ ಅಂತ ಗೊತ್ತುಮಾಡೋ ವ್ಯವಸ್ಥೆ ತಂದಿತು. ಅಂದ್ರೆ ಋತುವನ್ನ ಈಗ ಭತ್ತದ ಬದಲು ಸರ್ಕಾರ ಹೇಳೋಕೆ ಶುರು ಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಯಂಥ ಪ್ರಾಣಿಗಳ ಬೇಟೆ ನಿಷೇಧಿಸಿ, ಬೇರೆ ಕೆಲವಕ್ಕೆ ಲೈಸೆನ್ಸ್ ಇಟ್ಟಿತು. 1991ರ ತಿದ್ದುಪಡಿ ಆ ಲೈಸೆನ್ಸನ್ನೂ ತೆಗೀತು. ಅಲ್ಲಿಗೆ ಋತು ಮುಗೀತು. ಇವತ್ತು ಕೈಲ್ ಪೊಳ್ದ್ ದಿನ ಕೋವಿ ಹೊರಗೆ ಬರುತ್ತೆ, ತೆಂಗಿನಕಾಯಿ ಒಡೆಯುತ್ತೆ, ವಾಪಸ್ ಒಳಗೆ ಹೋಗುತ್ತೆ. ವಿನಾಯಿತಿ ಇರೋದು ಕೋವಿ ಇಟ್ಕೊಳ್ಳೋಕೆ, ಬೇಟೆ ಆಡೋಕೆ ಅಲ್ಲ. ವಿನಾಯಿತಿ ಇದೆ ಅಂತ ಕಾಡಿಗೆ ಹೋಗಿ ಜಿಂಕೆ ಹೊಡೆದ್ರೆ ಕೊಡವರಾದ್ರೂ ಜೈಲೇ.

ನಿಷೇಧ ಬೇಕಿತ್ತಾ? ಬೇಕಿತ್ತು. ಆ ಹೊತ್ತಿಗೆ ಜೀಪು, ಸರ್ಚ್‌ಲೈಟು, ಜೋಡು ನಳಿಗೆ ತೋಟಾ ಕೋವಿ ಬಂದು ಯಾವ ಹಳೇ ಕಟ್ಟುಪಾಡೂ ಉಳಿದಿರಲಿಲ್ಲ. ಕೇಪಿನ ಕೋವಿ ಕಾಲದ ಒಂದೇ ಈಡಿನ ಅಂಕೆ ಹೋದ ಮೇಲೆ ಕಾಡು ಖಾಲಿ ಆಗೋಕೆ ತಡ ಆಗಲ್ಲ. ಇವತ್ತು ನಾಗರಹೊಳೆಯಲ್ಲಿ ನೀವು ಸಫಾರಿಗೆ ಹೋಗಿ ಹುಲಿ ನೋಡ್ತೀರಂದ್ರೆ ಅದರ ಹಿಂದೆ ಈ ಕಾನೂನು ಇದೆ.

ಆದ್ರೆ ಹಂದಿಗೆ ಕಾನೂನು ಗೊತ್ತಿಲ್ಲ, ಭತ್ತದ ಹಾಲು ಗೊತ್ತು. ಮಲೆನಾಡು, ದಕ್ಷಿಣ ಕನ್ನಡದ ರೈತರ ಮನೆಯಲ್ಲಿ ಇನ್ನೂ ಕೇಪಿನ ಕೋವಿ ಇರೋದು ಬೆಳೆ ರಕ್ಷಣೆಯ ಪರವಾನಗಿ ಮೇಲೆ. ಹೆಸರು ಬೆಳೆ ರಕ್ಷಣೆ, ಆದ್ರೆ ಬೆಳೆ ತಿನ್ನೋ ಪ್ರಾಣಿ ಹೊಡೆಯೋಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಹಾಗಾಗಿ ಹೆಚ್ಚಿನವರಿಗೆ ಅದು ಸದ್ದು ಮಾಡಿ ಓಡಿಸೋ ಯಂತ್ರ ಅಷ್ಟೇ. ಚುನಾವಣೆ ಘೋಷಣೆ ಆದ್ರೆ ಕೋವಿ ತಗೊಂಡು ಹೋಗಿ ಸ್ಟೇಷನ್‌ನಲ್ಲಿ ಠೇವಣಿ ಇಡಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಅಂತ ಲೆಕ್ಕ ಹಾಕಿ, ಎಷ್ಟು ಸಲ ಆಗುತ್ತೆ! ತೋಟದಲ್ಲಿ ಮಂಗ ಎಳನೀರು ಕೀಳ್ತಿರುತ್ತೆ, ಕೋವಿ ಪೊಲೀಸರ ಬೀರುವಿನಲ್ಲಿ. ಈ ಬಗ್ಗೆ ರೈತರು ಹೈಕೋರ್ಟ್‌ವರೆಗೂ ಹೋಗಿದ್ದಾರೆ.

ಕೋವಿ ಸುಮ್ಮನಾದ ಜಾಗಕ್ಕೆ ಬಂದಿದ್ದು ಏನು ಗೊತ್ತಾ? ತಂತಿಯ ಉರುಳು, ಬೇಲಿಗೆ ಕೊಟ್ಟ ಕರೆಂಟು, ಹಿಟ್ಟಿನ ಉಂಡೆಯಲ್ಲಿ ಅಡಗಿಸಿದ ಸಿಡಿಮದ್ದು. ಇವಕ್ಕೆ ಸದ್ದಿಲ್ಲ, ಅಥವಾ ಸದ್ದಾದಾಗ ಪಕ್ಕದಲ್ಲಿ ಯಾರೂ ಇರಲ್ಲ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುತ್ತೆ, ಸಿಡಿಮದ್ದಿಗೆ ಮೇಯೋಕೆ ಬಿಟ್ಟ ಹಸುವಿನ ದವಡೆ ಹೋಗುತ್ತೆ, ಬೇಲಿ ಮುಟ್ಟಿ ಆನೆ ಸಾಯುತ್ತೆ, ಮನುಷ್ಯರೂ ಸಾಯ್ತಾರೆ. ಸೋವಿನ ಬೇಟೆಯಲ್ಲಿ ಕನಿಷ್ಠ ಎದುರಿಗೆ ಬಂದಿದ್ದು ಏನು ಅಂತ ಒಬ್ಬ ಮನುಷ್ಯ ನೋಡಬೇಕಿತ್ತು. ಹಾಗಂತ ಆ ನೋಟವೂ ತಪ್ಪಾಗಲ್ಲ ಅಂತಲ್ಲ. ಕದ್ದು ರಾತ್ರಿ ಬೇಟೆಗೆ ಹೋಗಿ, ಹಂದಿ ಅಂದುಕೊಂಡು ಜೊತೆಗಿದ್ದ ಗೆಳೆಯನಿಗೇ ಗುಂಡು ಹೊಡೆದ ಸುದ್ದಿಗಳು ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರ್ತಾನೇ ಇರ್ತವೆ.

ಗಡಿಯಾಚೆ ಇನ್ನೊಂದು ಪ್ರಯೋಗ ನಡೀತಿದೆ. ಕೇರಳ ಸರ್ಕಾರ 2022ರಲ್ಲಿ, ಬೆಳೆ ಹಾಳು ಮಾಡೋ ಕಾಡುಹಂದಿ ಹೊಡೆಯೋಕೆ ಅನುಮತಿ ಕೊಡೋ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟಿತು. ಲೈಸೆನ್ಸ್ ಇರೋ ಕೋವಿಯವರೇ ಹೊಡೀಬೇಕು, ಮಾಂಸ ತಿನ್ನೋ ಹಾಗಿಲ್ಲ, ಹೂಳಬೇಕು. ಹಾಗಾಗಿ ಕಾಸರಗೋಡಿನ ಕನ್ನಡದ ಅಡಿಕೆ ಬೆಳೆಗಾರರಿಗೆ ಒಂದು ನಿಯಮ, ಗಡಿ ದಾಟಿ ಈಚೆ ಸುಳ್ಯಕ್ಕೆ ಬಂದ್ರೆ ಇನ್ನೊಂದು. ಕಾಡು ಅದೇ, ಹಂದಿಯೂ ಬಹುಶಃ ಅದೇ.

ಕೊಡಗಿನ ವಿನಾಯಿತಿಯ ಈಗಿನ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತೆ. ಆಗ ಮತ್ತೆ ಅದೇ ವಾದ ಬರುತ್ತೆ: ಶೌರ್ಯ, ಸಂಪ್ರದಾಯ, ಸಮಾನತೆ. ಗದ್ದೆಯ ವಿಷಯ ಯಾರಾದ್ರೂ ಎತ್ತುತ್ತಾರಾ ಅಂತ ನನಗೆ ಕುತೂಹಲ, ಯಾಕಂದ್ರೆ ಕೊಡಗಿನಲ್ಲೇ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಸೈಟು, ಹೋಮ್‌ಸ್ಟೇ ಆಗಿವೆ. ನಾಟಿಯೇ ಇಲ್ಲದ ಊರಿನಲ್ಲೂ ನಾಟಿ ಮುಗಿದ ಹಬ್ಬ ಸೆಪ್ಟೆಂಬರ್ 3ಕ್ಕೆ ಸರಿಯಾಗಿ ಬರುತ್ತೆ.

ನಿಮ್ಮ ಅಜ್ಜನ ಮನೆ ಅಟ್ಟದಲ್ಲಿ ಕೇಪಿನ ಕೋವಿ ಇದ್ದಿದ್ದು, ಮದ್ದು ಅರೆದಿದ್ದು, ಸೋವಿಗೆ ಹೋಗಿದ್ದು ಇಂಥ ನೆನಪು ಮನೆಯ ಹಿರಿಯರಿಗೆ ಇದ್ರೆ, ಅವರ ಹತ್ರ ಕೂತು ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಕಳಿಸಿ. ಸೋವಿದವರ ಕಡೆಯ ನೆನಪಾದ್ರೆ ಇನ್ನೂ ಒಳ್ಳೇದು, ಅವು ಪುಸ್ತಕದಲ್ಲಿ ಸಿಗೋದು ಕಡಿಮೆ. ಮುಂದಿನ ವಾರ ಸಿಗೋಣ.